ಎಡಗೈಗೊಂದು ಚೂರಿ

ಇದನ್ನು ಬರೆಯುತ್ತಿರುವವನು ಉರುಂಗ್‌ಕ್ಯೋಲ್ ಊರಿನ ಬಾಯ್ಲರ್ ಮನೆಯಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಕೈಗೆ ಬಂದಾಗ ಎರಡು ಘನಕಾರ್ಯ ಮಾಡಿದ. ಒಂದು, ಕಮ್ಮಾರ ಬೈಬಾಲನ ಹತ್ತಿರ ಚೂರಿ ಕೊಂಡ. ಎರಡು, ಅದನ್ನು ರಿಪೇರಿ ಮಾಡಿದ.

ಪಟ್ಟಣದಲ್ಲಿ ಬೆಳೆದ ಪ್ರಾಣಿ. ಉತ್ತರದ ಆ ಹಿಮನಾಡಿನ ಸಖಾ ಜನ ಹಾಲುಹಲ್ಲು ಬೀಳುವ ಮೊದಲೇ ಚೂರಿ ಹಿಡಿಯುತ್ತಾರೆ ಎಂಬುದು ಅವನಿಗೆ ಮಾತಾಗಿ ಗೊತ್ತಿತ್ತೇ ಹೊರತು ಕೈಗೆ ಗೊತ್ತಿರಲಿಲ್ಲ. ಕೊಂಡ ಚೂರಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಮಗ್ಗುಲು ಚಪ್ಪಟೆ, ಅದರ ಉದ್ದಕ್ಕೂ ಸಣ್ಣ ಕಾಲುವೆ. ಇನ್ನೊಂದು ಮಗ್ಗುಲು ಉಂಡ ಹೊಟ್ಟೆಯ ಹಾಗೆ ಉಬ್ಬಿದೆ. ಪಾಪ, ಬೈಬಾಲನಿಗೆ ವಯಸ್ಸಾಯಿತು, ಅರ್ಧ ಕೆಲಸದಲ್ಲಿ ತೂಕಡಿಸಿದ್ದಾನೆ ಎಂದು ಇವನಿಗೆ ಕನಿಕರ ಹುಟ್ಟಿತು. ನಾಲ್ಕು ದಿನ ಚಹಾದ ಹೊತ್ತಿನಲ್ಲೆಲ್ಲ ಕಲ್ಲಿಗೆ ಉಜ್ಜಿ ಉಜ್ಜಿ ಉಬ್ಬನ್ನು ಕರಗಿಸಿ, ಎರಡೂ ಮಗ್ಗುಲನ್ನು ಅವಳಿಜವಳಿ ಮಾಡಿ, ತನ್ನ ಪಾಳಿಯ ಹಿರಿಯಳಾದ ಬಲ್ಬಾರಾಳ ಮುಂದೆ ಹಿಡಿದ.

"ಯಾರೋ ಇದನ್ನ ಕೆಡಿಸಿದ್ದು?"

"ಕೆಡಿಸಿದ್ದಲ್ಲ ಅಕ್ಕಾ, ಸರಿಮಾಡಿದ್ದು."

"ಪಹಾಯ್! ಆ ಹೊಟ್ಟೆ ಇದ್ರೆ ತಾನೇ ಚೂರಿ ಮರದೊಳಗೆ ಮುಳುಗದೆ ತೇಲ್ಕೊಂಡು ಹೋಗೋದು? ಬಲಗೈಯವನಿಗೆ ಒಂದು ಮಗ್ಗುಲಲ್ಲಿ ಹೊಟ್ಟೆ, ಎಡಗೈಯವನಿಗೆ ಇನ್ನೊಂದು ಮಗ್ಗುಲಲ್ಲಿ. ನೀನು ಮಾಡಿಟ್ಟಿರೋದು ಯಾವ ಕೈಗಪ್ಪಾ? ಹೋಗು, ರೊಟ್ಟಿಗೆ ಬೆಣ್ಣೆ ಸವರ್ಕೋ."

ಬಾಯ್ಲರ್ ಮನೆಯ ಐದೂ ಜನ ಕಲ್ಲಿದ್ದಲ ಮಸಿಯಲ್ಲಿ ಹಲ್ಲಷ್ಟೇ ಕಾಣುವ ಹಾಗೆ ನಕ್ಕರು. ಬಲ್ಬಾರಾಳೂ ನಗತೊಡಗಿದಳು. ಆದರೆ ಅರ್ಧಕ್ಕೇ ನಗು ನಿಂತಿತು. ಸಲಿಕೆ ಎತ್ತಿಕೊಂಡು ಬಾಯ್ಲರಿನ ಬಾಯಿಗೆ ಕಲ್ಲಿದ್ದಲು ತುಂಬುತ್ತ, ಯಾರಿಗೋ ಹೇಳುವವಳಂತೆ, "ಎಡಗೈಯವನಿಗೆ ಇನ್ನೊಂದು ಮಗ್ಗುಲು" ಎಂದು ತನ್ನ ಮಾತನ್ನೇ ಮತ್ತೆ ಆಡಿಕೊಂಡಳು.

ಅವಳಿಗೆ ಐವತ್ತಾರು. ಇಪ್ಪತ್ತೆರಡು ಚಳಿಗಾಲ ಊರಿನ ಅಷ್ಟೂ ಮನೆಗಳನ್ನು ಬೆಚ್ಚಗಿಟ್ಟ ತೋಳು ಅವಳದು. ಗಂಡ ಸಿಲಿಪ್ ಕುದುರೆ ಕಾಯುವವನು, ಹೆಪ್ಪುಗಟ್ಟಿದ ಕೆರೆಯ ಮಂಜಿನಡಿ ಮೀನಿಗೆ ಬಲೆ ಹಾಕುವವನು. ಏಪ್ರಿಲ್‌ನಲ್ಲಿ ಕುದುರೆಗಳನ್ನು ನೋಡಲು ಹೋದವನು ಹಿಮದ ಮೇಲೆ ಮಗ್ಗುಲಾಗಿ ಬಿದ್ದ. ಕುದುರೆ ಮೂರು ತಾಸು ಪಕ್ಕದಲ್ಲೇ ನಿಂತಿತ್ತಂತೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು, ಬಲಗೈ ಮಾತ್ರ ತೋಳಿನಲ್ಲಿ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಜೋತಿತ್ತು.

ಮಾತು ಸ್ವಲ್ಪ ಸ್ವಲ್ಪ ಮರಳಿತು. ಆದರೆ ಅವನೇ ಆಡಲಿಲ್ಲ. ಇಡೀ ಬೇಸಿಗೆ ಕಿಟಕಿ, ಕಿಟಕಿಯಾಚೆ ಕೆರೆ, ಮತ್ತೆ ಕಿಟಕಿ.

ಊಟದ್ದೇ ತಕರಾರು. ಬೇಯಿಸಿದ ಮಾಂಸದ ತುಂಡಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಮತ್ತೊಂದು ಕೈಯ ಚೂರಿಯನ್ನು ಕೆಳಗಿನಿಂದ ಮೇಲಕ್ಕೆ ತುಟಿಯ ಮುಂದೆಯೇ ಸರ್ರನೆ ಹಾಯಿಸಿ ತಿನ್ನುವುದು ಅಲ್ಲಿಯ ರೀತಿ. ದೇವರು ನಮ್ಮ ಮೂಗನ್ನು ಮೋಟು ಮಾಡಿದ್ದೇ ಇದಕ್ಕೆ ಎಂದು ಸಿಲಿಪನೇ ಮದುವೆಮನೆಗಳಲ್ಲಿ ನಗಿಸುತ್ತಿದ್ದ. ಈಗ ಬಲ್ಬಾರಾ ಮಾಂಸವನ್ನು ಸಣ್ಣ ಸಣ್ಣಗೆ ಕತ್ತರಿಸಿ ತಟ್ಟೆಗೆ ಹಾಕಿ ಚಮಚ ಇಟ್ಟಳು. ಮೊದಲ ವಾರ ತಿಂದ. ಎರಡನೇ ವಾರ ಹಲ್ಲುನೋವು ಎಂದ. ಆಮೇಲೆ ನೆವ ಹೇಳುವುದನ್ನೂ ಬಿಟ್ಟು ತಟ್ಟೆಯನ್ನು ಒಂದು ಬೆರಳಲ್ಲಿ ಆಚೆ ತಳ್ಳಿದ. ಗಂಜಿ ಕೊಟ್ಟರೆ ಎಡಗೈಯಲ್ಲಿ ನಾಲ್ಕು ಚಮಚ. ಬೇರೆಯವರು ಕತ್ತರಿಸಿಕೊಟ್ಟದ್ದನ್ನು ತಿನ್ನುವುದು ಹಲ್ಲು ಬರದ ಕೂಸು, ಹಲ್ಲು ಬಿದ್ದ ಮುದುಕ. ಅವನು ಎರಡೂ ಅಲ್ಲ.

ಸೆಪ್ಟೆಂಬರ್ ಹೊತ್ತಿಗೆ ಅವನ ಸೊಂಟಪಟ್ಟಿಗೆ ಬಲ್ಬಾರಾ ಮೂರು ಹೊಸ ತೂತು ಚುಚ್ಚಿದ್ದಳು. ಊರಿನ ನರ್ಸಮ್ಮ ಅವಳನ್ನು ಬಾಗಿಲಾಚೆ ಕರೆದು ಹೇಳಿದಳು: "ಗಂಜಿ ನಂಬ್ಕೊಂಡು ಈ ಚಳಿಗಾಲ ದಾಟಕ್ಕಾಗಲ್ಲ. ಮಾಂಸ ಇಳೀಬೇಕು, ಮೀನು ಇಳೀಬೇಕು. ಹೇಗಾದ್ರೂ ಮಾಡು."

ಹೇಗಾದರೂ ಅಂದರೆ ಹೇಗೆ ಎಂದು ನರ್ಸಮ್ಮನಿಗೂ ಗೊತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ, ಒಬ್ಬ ದಡ್ಡ ತನ್ನ ಚೂರಿ ಕೆಡಿಸಿಕೊಂಡು ಎದುರು ನಿಂತಾಗ ಬಲ್ಬಾರಾಳಿಗೆ ಹೊಳೆಯಿತು.

ಮರುದಿನ ಪಾಳಿ ಮುಗಿಸಿ ನೇರ ಬೈಬಾಲನ ಕುಲುಮೆಗೆ ಹೋದಳು. ಕಮ್ಮಾರನೂ ಮಾಂತ್ರಿಕನೂ ಒಂದೇ ಗೂಡಿನ ಹಕ್ಕಿಗಳು ಎನ್ನುವ ಊರು ಅದು. ಬೈಬಾಲನ ಮುಂದೆ ಯಾರೂ ಚೌಕಾಶಿ ಮಾಡುವುದಿಲ್ಲ, ಅವನು ಕಬ್ಬಿಣ ಬಡಿಯುವ ಅಡಿಗಲ್ಲನ್ನು ದಾಟುವುದಿಲ್ಲ. ಬಲ್ಬಾರಾ ಅಡಿಗಲ್ಲನ್ನು ಸುತ್ತಿಬಳಸಿ ಹೋಗಿ ಬೆಂಚಿನ ಮೇಲೆ ಕುಳಿತಳು.

"ಎಡಗೈಗೊಂದು ಚೂರಿ ಬೇಕು."

"ಯಾರ ಎಡಗೈ?"

"ನನ್ನ ಮುದುಕಂದು."

ಬೈಬಾಲ್ ತಿದಿ ಒತ್ತುವುದನ್ನು ನಿಲ್ಲಿಸಿದ. "ಕೈ ಕರ್ಕೊಂಡು ಬಾ."

"ಬರಲ್ಲ. ಬಾಗಿಲು ದಾಟಲ್ಲ. ಹೇಳಿದ್ರೆ ಬೇಡ ಅಂತಾನೆ."

"ಬೇಡ ಅನ್ನೋನಿಗೆ ಚೂರಿ ಯಾಕೆ?"

"ಬೇಕು ಅನ್ನೋದು ನಾನು," ಎಂದಳು ಬಲ್ಬಾರಾ.

ಬೈಬಾಲ್ ಗಡ್ಡ ಕೆರೆದುಕೊಂಡ. "ಹಾಗಾದ್ರೆ ಅವನ ಹಳೇ ಚೂರಿ ತಾ. ಹಿಡಿ ನೋಡ್ಬೇಕು. ಮೂವತ್ತು ವರ್ಷ ಹಿಡಿದಿರೋ ಹಿಡೀಲಿ ಮನುಷ್ಯನ ಕೈ ಅಚ್ಚು ಇರುತ್ತೆ."

ಸಿಲಿಪನ ಚೂರಿ ಮಂಚದ ಪಕ್ಕದ ಕಂಬದಲ್ಲಿ, ಸೊಂಟಪಟ್ಟಿಯ ಜೊತೆ, ಒರೆಯೊಳಗೆ ತೂಗುತ್ತಿತ್ತು. ಪಟ್ಟಿಗೆ ತೂತು ಚುಚ್ಚಿದ್ದು ಬಿಟ್ಟರೆ, ಚೂರಿಯನ್ನು ಏಪ್ರಿಲ್‌ನಿಂದ ಯಾರೂ ಮುಟ್ಟಿರಲಿಲ್ಲ. ಆ ಊರಿನಲ್ಲಿ ಗಂಡಸಿನ ಪಟ್ಟಿಯಿಂದ ಬೇರೆಯವರು ಚೂರಿ ತೆಗೆಯುವುದು ಒಂದೇ ಸಲ, ಅವನು ತಾನೇ ತೆಗೆಯಲಾರದೆ ಹೋದಾಗ. ಅದು ಬಲ್ಬಾರಾಳಿಗೆ ಗೊತ್ತಿಲ್ಲದ್ದೇನಲ್ಲ. ಸಿಲಿಪ್ ಮಧ್ಯಾಹ್ನದ ಮಂಪರಿನಲ್ಲಿದ್ದಾಗ ಉಸಿರು ಬಿಗಿಹಿಡಿದು ಚೂರಿಯನ್ನು ಒರೆಯಿಂದ ಎಳೆದಳು. ಹಿಡಿ ತಣ್ಣಗಿತ್ತು. ಕೋಟಿನ ಒಳಗೆ ಬಚ್ಚಿಟ್ಟುಕೊಂಡು ಮಾವಿನ ತೋಪಿಗೆ ನುಗ್ಗಿದ ಕಳ್ಳಿಯ ಹಾಗೆ ಹೊರಬಿದ್ದಳು ಎಂದು ಬರೆಯಬಹುದಿತ್ತು. ಅಲ್ಲಿ ಮಾವೂ ಇಲ್ಲ ತೋಪೂ ಇಲ್ಲ, ಮೈನಸ್ ಮೂವತ್ತರ ಹಿಮ, ಹೆಜ್ಜೆಗೊಂದು ಕರಕ್ ಸದ್ದು. ಕಳ್ಳರಿಗೆ ಹೇಳಿ ಮಾಡಿಸಿದ ಊರಲ್ಲ.

ಬೈಬಾಲ್ ಹಿಡಿಯನ್ನು ತಿರುಗಿಸಿ ನೋಡಿ, ದಾರದಲ್ಲಿ ಅಳೆದು, "ಇಲ್ಲೇ ಇರ್ಲಿ, ನಾಳೆ ಬಾ" ಎಂದ. ಒಂದು ದಿನ ಬಿಟ್ಟಿರಬಾರದಿತ್ತು. ಬಲ್ಬಾರಾ ಬಿಟ್ಟುಬಂದಳು.

ಮನೆಯ ಬಾಗಿಲು ತೆಗೆದರೆ ಸಿಲಿಪ್ ಮಂಚದ ತುದಿಯಲ್ಲಿ ಕುಳಿತಿದ್ದ. ಮಡಿಲಲ್ಲಿ ಬರಿಯ ಒರೆ. ಅರ್ಧ ವರ್ಷದಲ್ಲಿ ಅವನ ಬಾಯಿಂದ ಇಡಿಯಾಗಿ ಒಂದು ವಾಕ್ಯ ಬಂದದ್ದು ಆಗಲೇ.

"ನಾನು ಸತ್ತೆ ಅಂತ ನಿಂಗೆ ಯಾರೇ ಹೇಳಿದ್ದು?"

ಬಲ್ಬಾರಾಳ ಕಾಲು ಹೊಸ್ತಿಲಲ್ಲೇ ನಿಂತಿತು. ಅಳಬೇಕಾದ ಹೊತ್ತು. ಅವಳಿಗೆ ನಗು ಬಂತು. ಈ ದನಿಯನ್ನೇ, ಕೆಂಡದಂಥ ಈ ಸಿಟ್ಟನ್ನೇ ಅವಳು ಏಪ್ರಿಲ್‌ನಿಂದ ಕಾಯುತ್ತಿದ್ದದ್ದು.

"ನಗ್ತೀಯಾ? ನನ್ನ ಚೂರಿ ಎಲ್ಲಿ?"

"ಬೈಬಾಲನ ಹತ್ರ ಇದೆ."

"ಮಾರಿದ್ಯಾ?"

"ನಿನ್ನ ಎಡಗೈಗೆ ಒಂದು ಚೂರಿ ಮಾಡ್ಸಕ್ಕೆ ಅಳತೆಗೆ ಕೊಟ್ಟಿದೀನಿ."

ಸಿಲಿಪನ ಮುಖ ಇನ್ನಷ್ಟು ಕೆಂಪಾಯಿತು. "ಎಡಗೈ ಚೂರಿ ಕಟ್ಕೊಂಡು ಓಡಾಡಿದ್ರೆ ಊರಿಗೆ ಊರೇ ನೋಡುತ್ತೆ. ಇವನ ಬಲಗೈ ಮುಗೀತು ಅಂತ ಡಂಗುರ ಹೊಡೆದಂಗೆ. ನನ್ನ ಚೂರಿ ತಂದುಕೊಡು."

"ನಿನ್ನ ಚೂರಿ ತಾನೇ? ನೀನೇ ಹೋಗಿ ತಗೋ. ನಾನು ಹತ್ತು ತಾಸು ಕಲ್ಲಿದ್ದಲು ಎತ್ತಿ ಬಂದಿದೀನಿ."

ಹಾಗೆಂದು ಒಲೆಯ ಕಡೆ ತಿರುಗಿ ಚಹಾ ಕಾಯಿಸತೊಡಗಿದಳು. ಹಿಂದೆ ತುಪ್ಪಳದ ಬೂಟು ನೆಲಕ್ಕೆ ಬಡಿಯುವ ಸದ್ದು, ಬೈಗುಳ, ಕೋಟಿನ ತೋಳು ಹರಿಯುವಂಥ ಸದ್ದು, ಮತ್ತೆ ಬೈಗುಳ. ಬಲ್ಬಾರಾ ಹಿಂತಿರುಗಲಿಲ್ಲ. ತಿರುಗಿದರೆ ಕೈ ತಾನಾಗಿ ಸಹಾಯಕ್ಕೆ ಹೋಗುತ್ತಿತ್ತು. ಎರಡು ಲೋಟ ಚಹಾ ಆಗುವಷ್ಟು ಹೊತ್ತಿಗೆ ಬಾಗಿಲು ಧಡ್ ಎಂದಿತು. ಆಗ ಮಾತ್ರ ಓಡಿದಳು, ಇಪ್ಪತ್ತು ಹೆಜ್ಜೆ ಹಿಂದೆ.

ಕುಲುಮೆಯಲ್ಲಿ ಬೈಬಾಲ್ ಇವರನ್ನು ನೋಡಿ ಆಶ್ಚರ್ಯ ತೋರಿಸಲಿಲ್ಲ. "ಕೈ ಬಂತಾ? ಒಳ್ಳೇದು," ಎಂದಷ್ಟೇ ಹೇಳಿ ಹಳೆಯ ಚೂರಿಯನ್ನು ಬೆಂಚಿನ ಮೇಲಿಟ್ಟ. ಅದರ ಪಕ್ಕದಲ್ಲಿ ಪೆಟ್ಟಿಗೆಯಿಂದ ತೆಗೆದು ಮೂರು ಎಡಗೈ ಚೂರಿ ಇಟ್ಟ. ಹೊಳೆಯಾಚೆಯ ಎಡಚನೊಬ್ಬನಿಗಾಗಿ ಮಾಡಿದ್ದಂತೆ, ಅವನು ಒಂದನ್ನಷ್ಟೇ ಒಯ್ದಿದ್ದ.

ಬಲ್ಬಾರಾಳ ಕಣ್ಣು ಬಿದ್ದದ್ದು ಉದ್ದನೆಯದರ ಮೇಲೆ. ಹಿಡಿಗೆ ಬೆಳ್ಳಿಯ ಕಟ್ಟು. "ಇದು ಗಂಡಸಿನ ಸೊಂಟಕ್ಕೆ ಲಕ್ಷಣವಾಗಿರುತ್ತೆ."

"ಉದ್ದದ್ದು ನೋಡೋರಿಗೆ," ಎಂದ ಸಿಲಿಪ್, ಅವಳ ಕಡೆ ನೋಡದೆ. "ಮೊಲದ ಹೊಟ್ಟೆ ಸೀಳೋವಾಗ ತುದಿ ಎಲ್ಲಿದೆ ಅಂತ ಹುಡುಕ್ಬೇಕಾಗುತ್ತೆ."

ಹಳೆಯ ಚೂರಿ ತೆಗೆದುಕೊಂಡು ಹೋಗಲು ಬಂದವನು ಹೊಸದರ ಬಗ್ಗೆ ಮಾತಾಡಿದ. ಬಲ್ಬಾರಾ ತುಟಿ ಕಚ್ಚಿಕೊಂಡಳು.

"ಹಾಗಾದ್ರೆ ಇದು," ಬೈಬಾಲ್ ಕನ್ನಡಿಯಂತೆ ಹೊಳೆಯುವ ಎರಡನೆಯದನ್ನು ತಳ್ಳಿದ. "ತುಕ್ಕು ಹಿಡಿಯಲ್ಲ."

"ಕಲ್ಲಿಗೂ ಬಗ್ಗಲ್ಲ. ಕಾಡಲ್ಲಿ ಮೊಂಡಾದ್ರೆ ಮಸೆದುಕೊಡಕ್ಕೆ ನಿಮ್ಮಪ್ಪ ಬರ್ತಾನಾ?"

ಬೈಬಾಲನ ಗಡ್ಡದೊಳಗೆ ಏನೋ ಅಲುಗಿತು. ಮೂರನೆಯದು ಕಪ್ಪಗೆ, ಗಿಡ್ಡಗೆ, ಅಲಗು ಅಂಗೈಯಷ್ಟೇ ಉದ್ದ. ಹಳೆಯ ಲಾರಿಯ ಸ್ಪ್ರಿಂಗ್ ಬಡಿದು ಮಾಡಿದ್ದು. ಹಿಡಿ ಬರ್ಚ್ ಮರದ ಗಂಟಿನದು, ಬೆಳ್ಳಿ ಇಲ್ಲ, ಬಣ್ಣ ಇಲ್ಲ, ದಪ್ಪ ಕೈಗವುಸಿನಲ್ಲೂ ಸಿಗುವಷ್ಟು ಉದ್ದ. ಸಿಲಿಪ್ ಅದರ ಬೆನ್ನನ್ನು ಕಣ್ಣಿಗೆ ನೇರ ಹಿಡಿದು ನೋಡಿದ. ಜೋತುಬಿದ್ದ ಬಲಗೈಯ ಉಗುರಿನ ಮೇಲೆ ಅಂಚನ್ನು ಒತ್ತಿದ. ಹಿಡಿಯನ್ನು ಕೆನ್ನೆಗೆ ತಾಗಿಸಿದ. ಮರ ಬೆಚ್ಚಗಿರುತ್ತದೆ, ಲೋಹದ ಹಿಡಿ ಆ ಚಳಿಯಲ್ಲಿ ಚರ್ಮ ಕಿತ್ತುಕೊಳ್ಳುತ್ತದೆ.

"ಮೀನಿದೆಯಾ?" ಎಂದ.

ಬೈಬಾಲ್ ಹೊರಗಿನ ಹಿಮದಲ್ಲಿ ನೆಟ್ಟಿದ್ದ ಬಿಳಿಮೀನೊಂದನ್ನು ತಂದ. ಕಟ್ಟಿಗೆಯಷ್ಟು ಗಟ್ಟಿ, ಹಾಗೇ ಹಸಿಯಾಗಿ ಹೆರೆದು ತಿನ್ನುವಂಥದ್ದು. ಮೂತಿ ಕೆಳಗೆ ಮಾಡಿ ಕೊರಡಿನ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಬಾಲ ಹಿಡಿದು, ಇನ್ನೊಂದರಲ್ಲಿ ಮೇಲಿಂದ ಕೆಳಗೆ ಹೆರೆಯಬೇಕು. ಬಾಲ ಹಿಡಿಯುವ ಕೈ ಎಲ್ಲಿದೆ? ಬಲ್ಬಾರಾಳ ಕೈ ಮುಂದೆ ಬಂತು.

"ಬಿಡೇ!"

ಅವಳು ಬಿಟ್ಟಳು. ಸಿಲಿಪ್ ಮೀನನ್ನು ಕೊರಡಿನ ಮೇಲೆ ಅಡ್ಡ ಮಲಗಿಸಿದ. ಎಡಗೈಯಿಂದ ಬಲಗೈಯನ್ನು ಎತ್ತಿ, ಒಂದು ಚೀಲ ಹಿಟ್ಟನ್ನು ಇಡುವ ಹಾಗೆ, ಮೀನಿನ ಬಾಲದ ಮೇಲೆ ಇಟ್ಟ. ಅದರ ಮೇಲೆ ಮೈಭಾರ ಬಿಟ್ಟ.

"ಸತ್ತಿದ್ರೂ ತೂಕ ಇದೆಯಲ್ಲ," ಎಂದ, ಯಾರಿಗೂ ಅಲ್ಲದ ಹಾಗೆ.

ಮೊದಲು ತನ್ನ ಹಳೆಯ ಚೂರಿಯನ್ನೇ ಎಡಗೈಗೆ ತೆಗೆದುಕೊಂಡ. ಅದು ಮೀನಿನೊಳಕ್ಕೆ ಮೂತಿ ತೂರಿಸಿ ಸಿಕ್ಕಿಹಾಕಿಕೊಂಡಿತು. ಎಳೆದರೆ ಬಾರದು, ಒತ್ತಿದರೆ ಇನ್ನೂ ಆಳಕ್ಕೆ. ಮೂವತ್ತು ವರ್ಷ ಜೊತೆಗಿದ್ದ ಚೂರಿ ಈ ಕೈಯನ್ನು ಗುರುತೇ ಹಿಡಿಯಲಿಲ್ಲ. ಬಲ್ಬಾರಾ ತನ್ನ ಬೂಟಿನ ತುದಿ ನೋಡಿದಳು, ಬೈಬಾಲ್ ಸೂರು ನೋಡಿದ. ಆಮೇಲೆ ಸಿಲಿಪ್ ಹಳೆಯದನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ, ಕೋಟಿಗೆ ಒರೆಸಿ, ಬೆಂಚಿನ ಮೇಲೆ ಜೋಪಾನವಾಗಿ ಇಟ್ಟು, ಗಿಡ್ಡ ಚೂರಿ ಎತ್ತಿಕೊಂಡ.

ಅದು ತೇಲಿತು. ಚೂರಿ ಅಡ್ಡಾದಿಡ್ಡಿ ಹೋಯಿತು, ಆದರೂ ತೇಲಿತು. ಮೀನಿನ ಮೇಲಿಂದ ಬಿಳಿಯ ಸುರುಳಿಯೊಂದು ಎದ್ದು ಕೊರಡಿನ ಮೇಲೆ ಬಿತ್ತು. ಮೊದಲ ಸುರುಳಿಯನ್ನು ಅವನು ಕುಲುಮೆಯ ಬೆಂಕಿಗೆ ಹಾಕಿದ, ಮೊದಲ ತುತ್ತು ಬೆಂಕಿಯದು. ಎರಡನೆಯದನ್ನು ಚೂರಿಯ ತುದಿಯಲ್ಲೇ ಎತ್ತಿ ತನ್ನ ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿ ಅಗಿದ. ಮೂರು, ನಾಲ್ಕು, ಐದು. ಬಲ್ಬಾರಾ ಎಣಿಸುತ್ತಿದ್ದಳು. ಒಂಬತ್ತಕ್ಕೆ ಎಣಿಕೆ ತಪ್ಪಿತು, ಕಣ್ಣು ಮಂಜಾಗಿ.

"ಯಾವುದು?" ಎಂದು ಕೇಳಿದ ಬೈಬಾಲ್, ಗೊತ್ತಿದ್ದೂ.

"ಉಪ್ಪಿದೆಯಾ?" ಎಂದ ಸಿಲಿಪ್.

ನವೆಂಬರ್ ಮೊದಲ ವಾರ ಕೆರೆಯ ಮೇಲಿನ ಮಂಜು ಒಂದು ಗೇಣು ಗಟ್ಟಿಯಾದಾಗ ಊರೆಲ್ಲ ಸೇರಿ ಮುಂಖಾ ಮಾಡಿದರು. ಮಂಜಿಗೆ ಸಾಲಾಗಿ ತೂತು ಕೊರೆದು, ಕೆಳಗಿನಿಂದ ಉದ್ದ ಕೋಲುಗಳಲ್ಲಿ ದೊಡ್ಡ ಬಲೆ ದಾಟಿಸಿ, ನಲವತ್ತು ಜನ ಎಳೆಯುವ ಮೀನುಬೇಟೆ. ಇದನ್ನು ಬರೆಯುತ್ತಿರುವವನೂ ಎಳೆದ, ಎರಡು ಸಲ ಬಿದ್ದ, ಒಂದು ಸಲ ತೂತಿನೊಳಗೆ ಕಾಲಿಟ್ಟ. ಸಿಲಿಪ್ ಎಳೆಯಲಾರ. ಜಾರುಬಂಡಿಯ ಮೇಲೆ ಕುಳಿತು, ಬಲಗೈಯನ್ನು ಭಾರವಾಗಿ ಇಟ್ಟು, ಹೆಪ್ಪುಗಟ್ಟಿದ ಕುದುರೆಮರಿಯ ಈಲಿಯನ್ನು ಹೆರೆದು ಹೆರೆದು ಬಲೆ ಎಳೆಯುವವರಿಗೆ ಕೊಡುತ್ತಿದ್ದ. ಗಿಡ್ಡ ಚೂರಿಯ ಒರೆ ಅವನ ಪಟ್ಟಿಗೆ, ಉಳಿದವರು ಕಟ್ಟುವ ಮಗ್ಗುಲಿನ ಎದುರಿಗೆ, ಕಟ್ಟಿತ್ತು. ಎಲ್ಲರೂ ನೋಡಿದರು. ಮುಂಖಾದ ಮುಖಂಡ ಟಿಮೆಪೇ ಒಬ್ಬನೇ ಬಾಯಿ ಬಿಟ್ಟದ್ದು: "ಏನೋ ಸಿಲಿಪ್, ಈ ವಯಸ್ಸಲ್ಲಿ ಎಡಚ ಆದ್ಯಾ?" "ಆದೆ ಕಣೋ. ನೀನು ಈ ವಯಸ್ಸಲ್ಲಾದ್ರೂ ಬೇಟೆಗಾರ ಆಗು," ಎಂದ ಸಿಲಿಪ್. ನಗು ಮಂಜಿನ ಮೇಲೆ ಆಚೆ ದಡದವರೆಗೆ ಹೋಯಿತು. ಮೈ ತುಂಬಿಕೊಂಡು ಪಟ್ಟಿಯನ್ನು ಒಂದು ತೂತು ಸಡಿಲಿಸಿದ್ದನ್ನು ಬಲ್ಬಾರಾ ಮಾತ್ರ ಬಲ್ಲಳು.

ಅವಳು ಎಳೆದು ಸುಸ್ತಾಗಿ ಬಂಡಿಯ ತುದಿಯಲ್ಲಿ ಬಂದು ಕುಳಿತಳು. ಹುಬ್ಬಿನ ಮೇಲೆಲ್ಲ ಬಿಳಿಯ ಹಿಮ. ಸಿಲಿಪ್ ಒಂದು ಚೂರು ಹೆರೆದು ಚೂರಿಯ ತುದಿಯಲ್ಲಿ ಅವಳ ಮುಂದೆ ಹಿಡಿದ. ಹಿಡಿದುಕೊಂಡೇ ದನಿ ತಗ್ಗಿಸಿ ಕೇಳಿದ:

"ಅವತ್ತು ನನ್ನ ಚೂರಿ ತೆಗೆದ್ಯಲ್ಲ. ತೆಗೆಯೋವಾಗ, ನಾನು ಮುಗಿದೆ ಅಂತ ನೀನೂ ಅಂದ್ಕೊಂಡಿದ್ಯಾ?"

ಬಲ್ಬಾರಾ ಚೂರನ್ನು ಹಲ್ಲಲ್ಲಿ ಕಚ್ಚಿ ತೆಗೆದುಕೊಂಡಳು, ಅಗಿದಳು.

"ಹೂಂ, ಅಂದ್ಕೊಂಡಿದ್ದೆ. ಮುಂದಿನದ್ದು ತೆಳ್ಳಗೆ ಕೊಯ್ಯಿ, ಇದು ಬೂಟಿನ ಅಟ್ಟೆ ಇದ್ದಂಗಿದೆ."