ಗುಡ್ಡದ ಓಟದಲ್ಲಿ ನಾನು ಕೂರಿಸಿದ ಪಂಕ್ತಿ

ನನ್ನ ಸೊಸೆ ಗುಡ್ಡದ ಓಟ ಗೆದ್ದಳು ಎಂದು ಬೆಳಗಾವಿಯ ನಮ್ಮ ವಡಗಾವಿ ಓಣಿಯಲ್ಲಿ ಮಾತು ಹಬ್ಬಿದೆ. ಸುಳ್ಳು. ಅವಳು ಮುಗಿಸಿದಳು, ಅಷ್ಟೇ. ಅದೂ ನನ್ನ ಮೇಲಿನ ಸಿಟ್ಟಿಗೆ. ಅವಳಿಗಿಂತ ಮುಂದಿದ್ದ ಏಳೆಂಟು ಮಂದಿ ಹಿಂದೆ ಬಿದ್ದದ್ದು ನನ್ನ ಶೇಂಗಾ ಹೋಳಿಗೆ ತಿಂದು.

ಸೊಸೆ ಹಿಂದವಾಡಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಕುರ್ಚಿಯ ಮೇಲೆ ಕೂತು ಬೆನ್ನು ಹಿಡಿಯಿತು ಎಂದು ನಸುಕಿನಲ್ಲಿ ನಡೆಯಲು ಶುರು ಮಾಡಿದಳು. ನಡಿಗೆ ಹೋಗಿ ಓಟವಾಯಿತು. ರಸ್ತೆ ಸಾಲದೆ ಗುಡ್ಡ ಬಂತು. ಖಾನಾಪುರದ ಆಚೆ ಕಾಡಿನಲ್ಲಿ ಮೂರು ಕಲ್ಲುಗುಡ್ಡಗಳಿವೆ. ಒಂದು ಸಾಲೆಯ ಬಯಲಿನಿಂದ ಹೊರಟು, ಮೂರರ ನೆತ್ತಿಯನ್ನೂ ಹತ್ತಿಳಿದು, ಅದೇ ಬಯಲಿಗೆ ಬರಬೇಕು. ವರ್ಷಕ್ಕೊಮ್ಮೆ ಈ ಓಟ ಇಡುತ್ತಾರೆ.

"ಹೊಂಟಲ್ಲಿಗೇ ತಿರಗಿ ಬರೂದಿದ್ರ ಹೋಗೂದ್ಯಾಕ? ಅಲ್ಲೇ ನಿಂದ್ರು," ಅಂದೆ ನಾನು.

"ಅತ್ತಿ, ನಿಮಗ ತಿಳಿಯಂಗಿಲ್ಲ ಬಿಡ್ರಿ," ಅಂದಳು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೂ ತಿಳಿಯಬೇಕಾದದ್ದು ತಿಳಿಯುತ್ತದೆ. ಹೋದ ವರ್ಷ ಅವಳು ಎರಡು ಗುಡ್ಡ ದಾಟಿ ಮೂರನೆಯದರ ಮೇಲೆ ಹೆದರಿ ಕೂತುಬಿಟ್ಟಳು. ಅಲ್ಲಿ ಬೋಳು ಬಂಡೆ, ಆನೆಯ ಬೆನ್ನಿನಂತೆ, ಎರಡೂ ಕಡೆ ಇಳಿಜಾರು. ಇಬ್ಬರು ಕೈಹಿಡಿದು ಇಳಿಸಿ ಜೀಪಿನಲ್ಲಿ ತಂದರು. ಅಂದಿನಿಂದ ಮನೆಯ ಮುಂದೆ ಯಾವ ಗಾಡಿ ನಿಂತರೂ ನನ್ನ ಮೊಮ್ಮಗಳು, "ಮಮ್ಮೀ, ನಿನ್ನ ಜೀಪ್ ಬಂತ ನೋಡು," ಎನ್ನುತ್ತಾಳೆ. ಮಗನೂ ಹಲ್ಲು ಕಿರಿಯುತ್ತಾನೆ. ಸೊಸೆಯೂ ನಗುತ್ತಾಳೆ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಾಳೆ. ಈ ವರ್ಷವೂ ಆ ಬಂಡೆ ದಾಟಲು ಆಗದಿದ್ದರೆ ಓಟದ ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಗಂಡನಿಗೆ ಹೇಳಿದ್ದಳು. ಗೋಡೆ ತೆಳು, ನನಗೂ ಕೇಳಿಸಿತು.

ಓಡುವವರ ಮನೆಯಿಂದ ಒಬ್ಬೊಬ್ಬರು ನೀರು ಕೊಡುವ ಕೆಲಸಕ್ಕೆ ಬರಬೇಕು ಎಂದು ಓಟದವರ ನಿಯಮ. ಮಗನಿಗೆ ಆಟೋ ನಗರದ ಕಾರ್ಖಾನೆಯಲ್ಲಿ ಆ ದಿನ ರಜೆ ಸಿಗಲಿಲ್ಲ.

"ನಾ ಬರ್ತೀನಿ," ಅಂದೆ.

"ಅವ್ವಾ, ಅಲ್ಲಿ ಗುಡ್ಡದಾಗ ನೀ ಏನ್ ಮಾಡ್ತಿ?"

"ನೀರು ಕೊಡಾಕ ಸಾಲಿ ಕಲೀಬೇಕೇನು?"

ಎರಡನೆಯ ಗುಡ್ಡ ಇಳಿದು ಮೂರನೆಯದು ಹತ್ತುವ ಮೊದಲು ಒಂದು ಸಮತಟ್ಟು ಜಾಗವಿದೆ. ಅಲ್ಲಿಯವರೆಗೆ ಜೀಪು ಹೋಗುತ್ತದೆ. ನನ್ನನ್ನು ಅಲ್ಲಿಗೆ ಹಾಕಿದರು. ಜೊತೆಗೆ ಕೊರಳಲ್ಲಿ ಸೀಟಿ ಕಟ್ಟಿಕೊಂಡ ಒಬ್ಬ ಬೊಜ್ಜಿನ ಮನುಷ್ಯ. ಹನ್ನೊಂದಕ್ಕೆ ಅವನು ಸೀಟಿ ಊದುತ್ತಾನೆ. ಅಷ್ಟರೊಳಗೆ ಅಲ್ಲಿಂದ ಹೊರಡದವರಿಗೆ ಮುಂದಿನ ಗುಡ್ಡವಿಲ್ಲ, ಜೀಪೇ ಗತಿ.

ಮೇಜಿನ ಮೇಲೆ ಓಟದವರು ಇಟ್ಟದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ನೀರು, ಉಪ್ಪು, ಕಿತ್ತಳೆಯ ಹೋಳು, ಬೆರಳಷ್ಟು ಕತ್ತರಿಸಿದ ಬಾಳೆಹಣ್ಣು.

"ಇಷ್ಟನ?" ಅಂದೆ ಸೀಟಿಯವನಿಗೆ. "ಎರಡು ಗುಡ್ಡ ಹತ್ತಿ ಬರೂ ಮಂದಿಗೆ ಬಾಳಿಹಣ್ಣಿನ ತುಂಡ ಕೊಡ್ತೀರಿ? ಗಿಳಿ ಸಾಕೀರೇನು?"

"ಅಜ್ಜಿ, ಓಡೂ ಮುಂದ ಭಾಳ ತಿನ್ನಬಾರದ್ರಿ."

ನಾನು ಕೇಳಲಿಲ್ಲ. ಬುತ್ತಿ ತಂದಿದ್ದೆ. ಮನೆಯಿಂದ ಹೊರಗೆ ಕಾಲಿಟ್ಟರೆ ಬುತ್ತಿ ಕಟ್ಟುವುದು ನಮ್ಮ ರೂಢಿ, ಕಟ್ಟಿದರೆ ಹತ್ತು ಮಂದಿಗೆ ಕಟ್ಟುವುದೂ ರೂಢಿ. ದೊಡ್ಡ ಬುಟ್ಟಿಯ ತುಂಬ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಚಟ್ನಿಪುಡಿ, ಡಬ್ಬಿಗಳಲ್ಲಿ ಕೆನೆಮೊಸರು, ತುಪ್ಪ, ಬಡಿಸಲು ಎಲೆ. ಮರದ ನೆರಳಿಗೆ ಜಮಖಾನೆ ಹಾಸಿದೆ.

ಮೊದಲಿನ ಕೆಲವರು ಗಾಳಿಯಂತೆ ಬಂದು, ನೀರು ಮೈಮೇಲೆ ಸುರಿದುಕೊಂಡು ಹೋಗಿಬಿಟ್ಟರು. ಅವರ ಹಿಂದೆ ಬಂದವನು ಸಿಕ್ಕ. ಎತ್ತರದ ಆಸಾಮಿ, ಕಪ್ಪು ಕನ್ನಡಕ.

"ಬರ್ರಿ, ಕುಂದರ್ರಿ. ಎರಡು ತುತ್ತು ತಿಂದ ಹೋಗ್ರಿ."

"ಬ್ಯಾಡ್ರಿ ಅಜ್ಜಿ, ಟೈಮ್ ಆಗತೈತಿ."

"ಹಿರಿಯಾಕಿ ಕರದ್ರ ಬ್ಯಾಡ ಅಂತಾರೇನು? ನಿಮ್ಮನ್ಯಾಗ ಇದನ್ನ ಕಲಿಸ್ಯಾರ?"

ಮನೆಯ ಮಾತು ತೆಗೆದರೆ ನಮ್ಮ ಕಡೆಯವರು ಯಾರೂ ಎದ್ದು ಹೋಗುವುದಿಲ್ಲ. ಅವನು ಕೂತ. ಹೋಳಿಗೆಯ ಮೇಲೆ ತುಪ್ಪ ಹಾಕಿದೆ. ಒಂದು ತಿಂದ. ನಾನು ಕೇಳದೆ ಇನ್ನೊಂದು ಹಾಕಿದೆ. ಅವನನ್ನು ನೋಡಿ ಅವನ ಹಿಂದಿನವನೂ ಕೂತ. ಆಮೇಲೆ ಇಬ್ಬರು ಹೆಣ್ಣುಮಕ್ಕಳು. ಆಮೇಲೆ ಖಾನಾಪುರದ ಒಬ್ಬ ಮರಾಠಿ ಹುಡುಗ. ಅವನು "ಬಸ್, ಆಜೀ, ಬಸ್!" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ. ಬೆರಳುಗಳ ಸಂದಿಯಲ್ಲಿ ತುಪ್ಪ ಬಿಟ್ಟೆ.

ಕೂತವರು ಏಳುತ್ತಾರೆ ಎಂದು ನಾನು ತಿಳಿದಿದ್ದೆ. ಎರಡು ಗುಡ್ಡ ಓಡಿದ ಕಾಲು ಒಮ್ಮೆ ಮಡಚಿದರೆ ಮತ್ತೆ ಬಿಚ್ಚುವುದಿಲ್ಲವಂತೆ. ಅದು ನನಗೆ ಹೇಗೆ ಗೊತ್ತಿರಬೇಕು? ಕನ್ನಡಕದವನು ಎದ್ದ, "ಅಯ್ಯಯ್ಯೋ" ಎಂದು ಮತ್ತೆ ಕೂತ. ಕೂತವನಿಗೆ ಮೊಸರು ಹಾಕಿದೆ.

ಸೀಟಿಯವನು ತಲೆ ಹಿಡಿದುಕೊಂಡ. "ಅಜ್ಜಿ, ಇದು ಓಟ ಐತ್ರಿ, ಲಗ್ನ ಅಲ್ಲ!"

"ನಿಮಗ ಹಾಕ್ಲ್ಯಾ ಒಂದು?"

ಅವನೂ ತಿಂದ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಸೊಸೆ ಬಂದಳು. ಮುಖ ಕೆಂಪು, ಮೊಣಕಾಲು ತರಚಿತ್ತು. ಮೂರನೆಯ ಗುಡ್ಡದತ್ತ ನೋಡಿದಳು. ಅಲ್ಲಿಂದಲೇ ಆ ಬೋಳು ಬಂಡೆ ಕಾಣುತ್ತದೆ, ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ಜಮಖಾನೆ ನೋಡಿದಳು. ಅಲ್ಲಿ ಅವಳಿಗಿಂತ ಗಟ್ಟಿ ಕಾಲಿನವರೆಲ್ಲ ಎಲೆ ಮುಂದೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಅವಳ ಮುಖ ಸಡಿಲವಾಯಿತು. ಕೂತರೆ ಅಷ್ಟರಲ್ಲಿ ಸೀಟಿಯಾಗುತ್ತದೆ. ಸೀಟಿಯಾದರೆ ಬಂಡೆ ಹತ್ತಬೇಕಾಗಿಲ್ಲ. ಹೆದರಿದಳು ಎಂದು ಯಾರೂ ಅನ್ನುವಂತಿಲ್ಲ, ಅತ್ತೆ ಕೂರಿಸಿದಳು ಎನ್ನಬಹುದು. ನನಗೂ ಸೊಸೆಯಾಗಿ ಗೊತ್ತು ಈ ಲೆಕ್ಕ.

"ಅತ್ತಿ, ನನಗೂ ಒಂದು ಹೋಳಿಗಿ ಕೊಡ್ರಿ," ಎಂದು ಜಮಖಾನೆಯ ಅಂಚಿಗೆ ಬಂದಳು.

"ನಿಲ್ಲು," ಅಂದೆ. "ನೀ ಎಲ್ಲಿ ಕುಂದರ್ತಿ?"

"ಯಾಕ್ರಿ?"

"ಬಂದವರು ಇನ್ನಾ ಉಣ್ಣಾಕತ್ತಾರ. ಮನಿ ಮಂದಿ ಕಡೀ ಪಂಕ್ತಿಗೆ. ಮದುವಿಯಾಗಿ ಬಂದಾಗಿಂದ ಇದನ್ನ ನೋಡಿಲ್ಲೇನ?"

"ಅತ್ತೀ, ಇದು ಗುಡ್ಡ ಐತ್ರಿ!"

"ಗುಡ್ಡಾದ್ರೇನು, ಜಮಖಾನಿ ನಮ್ದ. ಇವರದು ಮುಗಿಯೂತನಕಾ ಸುಮ್ನ ನಿಂತೇನ್ ಮಾಡ್ತಿ? ಒಂದ್ ಸುತ್ತು ಆ ಕಲ್ಲಿನ ಮ್ಯಾಲ ಹೋಗಿ ಬಾ."

ಸಾಲಿನಲ್ಲಿ ಕೂತವರೆಲ್ಲ ತುತ್ತು ಬಿಟ್ಟು ನೋಡಿದರು. ಒಬ್ಬಳು, "ಬಾ ಅಕ್ಕಾ, ನಾ ಸರೀತೀನಿ," ಎಂದು ಜಾಗ ಮಾಡಿದಳು. ನಾನು ಆ ಜಾಗದಲ್ಲಿ ಬುಟ್ಟಿ ಇಟ್ಟೆ.

ಸೊಸೆಯ ಮೂಗಿನ ಹೊಳ್ಳೆ ಅರಳಿತು. ಹದಿನೆಂಟು ವರ್ಷದಲ್ಲಿ ಅವಳು ನನಗೆ ಎದುರು ಮಾತು ಆಡಿದ್ದು ಕಡಿಮೆ. ಬಾಳೆಹಣ್ಣಿನ ಒಂದು ತುಂಡು ಬಾಯಿಗೆ ಎಸೆದುಕೊಂಡು, ನನಗೆ ಬೆನ್ನು ತಿರುಗಿಸಿ, ಹೊರಟೇಬಿಟ್ಟಳು. ಅವಳ ಹಿಂದೆಯೇ ಅವನು ಸೀಟಿ ಊದಿದ. ಮರಾಠಿ ಹುಡುಗ ಮಾತ್ರ ಸೀಟಿ ಮುಗಿಯುವಷ್ಟರಲ್ಲಿ ಹೇಗೋ ಎದ್ದು ಕುಂಟುತ್ತ ಓಡಿದ. ಉಳಿದವರು ಕೂತಲ್ಲೇ ಉಳಿದರು.

ಸ್ವಲ್ಪ ಹೊತ್ತಿಗೆ ಬಂಡೆಯ ಹತ್ತಿರ ನಿಂತಿದ್ದ ಓಟದವರು ಸೀಟಿಯವನಿಗೆ ಫೋನ್ ಮಾಡಿದರು. ಅವನು ಕೇಳಿಸಿಕೊಂಡು ನನ್ನ ಕಡೆ ನೋಡಿದ.

"ಒಬ್ಬಾಕಿ ಬೈಕೋತ ಬೈಕೋತ ಆ ಕಲ್ಲು ಹತ್ತಾಕತ್ತಾಳಂತ್ರಿ."

"ಯಾರನ್ನ ಬೈಯಾಕತ್ತಾಳಂತ?"

ಅವನು ಮೇಜು ಒರೆಸಲು ಹೋದ.

"ದಾಟಿದಳೇನು, ಅಷ್ಟ ಕೇಳ್ರಿ," ಅಂದೆ. ಕೈಯಲ್ಲಿದ್ದ ಚಮಚದಿಂದ ತುಪ್ಪ ನನ್ನ ಸೀರೆಯ ಮೇಲೆ ಸೋರುತ್ತಿತ್ತು. ನೋಡಲಿಲ್ಲ.

ಅವನು ಕೇಳಿದ. "ದಾಟಿದಳಂತ್ರಿ. ಆ ಕಡಿ ಇಳದ ಹೋದ್ಳಂತ."

ಜಮಖಾನೆ ಮಡಚಿ ಜೀಪು ಹತ್ತಿದೆವು. ಕನ್ನಡಕದವನು ಇಡೀ ದಾರಿ ನನ್ನನ್ನೇ ದಿಟ್ಟಿಸಿದ. "ಅಜ್ಜಿ, ಖರೇ ಹೇಳ್ರಿ. ಸೊಸಿ ಮುಂದ ಹೋಗಲಿ ಅಂತ ನಮಗ ತಿನ್ನಿಸಿದ್ರಿ ಹೌದಲ್ಲೊ?"

"ನಾಲ್ಕು ಹೋಳಿಗಿ ತಿಂದೀಯಪ್ಪ. ನಾ ಹಾಕಿದ್ದು ಎರಡು," ಅಂದೆ.

ಸೊಸೆ ಸಾಲೆಯ ಬಯಲಿಗೆ ಓಡುತ್ತಲೇ ಬಂದಳು, ಸಮಯದೊಳಗೆ. ಹೆಂಗಸರಲ್ಲಿ ನಾಲ್ಕನೆಯವಳು ಎಂದರು. ಕೊರಳಿಗೆ ಪದಕ ಹಾಕಿದರು. ಸೀದಾ ನನ್ನ ಮುಂದೆ ಬಂದು ನಿಂತಳು.

"ಈಗಾದ್ರೂ ನನ್ನ ಪಂಕ್ತಿ ಬಂತೇನ್ರಿ?"

ಬುಟ್ಟಿ ಬಗ್ಗಿಸಿ ತೋರಿಸಿದೆ. ಕೊನೆಯ ಹೋಳಿಗೆಯನ್ನು ಜೀಪಿನ ಡ್ರೈವರಿಗೆ ಕೊಟ್ಟಿದ್ದೆ. ಅಲ್ಲಿ ಬಡಿಸುತ್ತಿದ್ದ ಪಲಾವ್ ಎರಡು ತಟ್ಟೆ ತಂದು, ನನಗೆ ಬೆನ್ನು ಹಾಕಿ ಕೂತು, ಎರಡನ್ನೂ ಒಬ್ಬಳೇ ತಿಂದಳು. ಬೆಳಗಾವಿಗೆ ಬರುವಾಗ ಗಾಡಿಯಲ್ಲಿ ನನ್ನ ಹೆಗಲ ಮೇಲೆ ಬಾಯಿ ತೆರೆದು ಮಲಗಿದಳು. ಭಾರದ ತಲೆ. ಸರಿಸಲಿಲ್ಲ, ಸರಿಸಿದರೆ ಏಳುತ್ತಾಳೆ, ಎದ್ದರೆ ಬೈಯುತ್ತಾಳೆ.

ಮರುದಿನ ಬೆಳಿಗ್ಗೆ ಅವಳಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಕಸಬರಿಗೆ ತೆಗೆದುಕೊಂಡು ನಾನೇ ಅಂಗಳಕ್ಕೆ ಹೋದೆ. ಹಾಲಿನವನು ಸೈಕಲ್ ನಿಲ್ಲಿಸಿ, "ಯಾಕ ಆಯಿ, ನೀವ ಕಸಾ ಹೊಡ್ಯಾಕತ್ತೀರಿ? ಸೊಸಿ ತವರಿಗೆ ಹೋಗ್ಯಾಳೇನು?" ಎಂದ.

"ಮಲಗ್ಯಾಳ. ನಿನ್ನೆ ಮೂರು ಗುಡ್ಡ ದಾಟಿ ಬಂದಾಳ," ಅಂದೆ.

ನಮ್ಮ ಅಂಗಳ ಚಿಕ್ಕದು, ಬೇಗ ಮುಗಿಯಿತು. ಬಾಜು ಮನೆಯ ಮುಂದೆಯೂ ಗುಡಿಸಿದೆ. ಅದರ ಆಚೆಯ ಮನೆಯದನ್ನೂ ಗುಡಿಸಿದೆ. ಓಣಿಯಲ್ಲಿ ಇನ್ನೂ ಕೆಲವರು ಬಾಗಿಲು ತೆರೆದಿರಲಿಲ್ಲ, ಸೊಸೆ ಎಲ್ಲಿ ಎಂದು ಕೇಳಿರಲಿಲ್ಲ.