ಹೆಂಡ ಬಿಟ್ಟ ರೊಟ್ಟಿ

ಬನ್ನನ್ನು ಎರಡು ತುಂಡು ಮಾಡಿ ಮೂಗಿಗೆ ಹಿಡಿದೆ. ಅಂಗಡಿಯವನು ಗಾಬರಿಯಾದ.

"ಯಾಕ್ ಗುರು, ಹಳಸೈತಾ? ಬೆಳಿಗ್ಗೆ ತಾನೇ ಇಳಿಸಿರೋದು."

"ಹಳಸಿಲ್ಲ. ಹೆಂಡದ ವಾಸ್ನೆ ಇಲ್ಲ."

"ಏನಪ್ಪಾ, ಬೆಳಿಗ್ಗೇನೇ ಏರಿಸ್ಕೊಂಡ್ ಬಂದ್ಬಿಟ್ಟಿದ್ಯಾ? ಈಗ್ಯಾರು ಹೆಂಡ ಹಾಕ್ತಾರೆ? ಬೆಂಗಳೂರಿಂದ ಈಸ್ಟ್ ಬರುತ್ತೆ, ಡಬ್ಬೀಲಿ."

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರು ಹೊಸದಾಗಿ ಆಗಿರುವ ಬೇಕರಿ ಅದು. ಬನ್ ಬಿಸಿಯಾಗಿತ್ತು, ಮೆತ್ತಗಿತ್ತು. ಆ ಸಣ್ಣ ಹುಳಿ ವಾಸನೆ ಮಾತ್ರ ಇರಲಿಲ್ಲ. ಹತ್ತು ವರ್ಷದ ಹಿಂದೆ ಬ್ರೆಡ್ ಎಂದರೆ ಆ ವಾಸನೆಯೇ. ನಾವು ಅದನ್ನು ರೊಟ್ಟಿ ಅನ್ನುತ್ತಿದ್ದೆವು. ಅದನ್ನು ಸುಡುತ್ತಿದ್ದವರನ್ನು ರೊಟ್ಟಿ ಮಾಮ ಅನ್ನುತ್ತಿದ್ದೆವು.

ನನಗೆ ಆಗ ಹದಿನೆಂಟು. ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿದಿತ್ತು. ಮಗ್ಗದಲ್ಲಿ ಕೆಲಸ. ಮಗ್ಗದ ಮನೆಯ ಹಿಂದಿನ ಗೋಡೆ ಮತ್ತು ರೊಟ್ಟಿ ಮಾಮನ ಒಲೆಯ ಗೋಡೆ ಒಂದೇ. ಚಳಿಗಾಲದಲ್ಲಿ ಬೆಳಿಗ್ಗೆ ಕೆಲಸಕ್ಕೆ ಬಂದವನು ಮೊದಲು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಕೈ ಬೆಚ್ಚಗಾದ ಮೇಲೆ ದಾರ ಮುಟ್ಟುತ್ತಿದ್ದೆ.

ಮಾಮನ ಹುಬ್ಬಿನ ಮೇಲೆ ಯಾವಾಗಲೂ ಮೈದಾ ಹಿಟ್ಟು. ಮಾತು ಕಡಿಮೆ. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಮ ಹಿತ್ತಾಳೆ ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಊರ ಹೊರಗಿನ ಹೆಂಡದಂಗಡಿಗೆ ಹೋಗಿ ಬರುತ್ತಿದ್ದರು. ಆ ಈಚಲ ಹೆಂಡ ಹಾಕಿ ಹಿಟ್ಟು ಕಲಸಿಟ್ಟರೆ ಬೆಳಗಿನ ಜಾವಕ್ಕೆ ಅದು ಉಬ್ಬಿ ಪಾತ್ರೆಯಿಂದ ಎದ್ದು ಬರುತ್ತಿತ್ತು. ಅವರು ಕುಡಿಯುತ್ತಿರಲಿಲ್ಲ. ವಾಸನೆಗೇ ತಲೆನೋವು ಬರುತ್ತದೆ ಎಂದು ಚೊಂಬನ್ನು ಮೈಯಿಂದ ದೂರ ಹಿಡಿದು ನಡೆಯುತ್ತಿದ್ದರು... ಹಾವು ಹಿಡಿದವರ ಹಾಗೆ.

ನಮ್ಮದು ಸಣ್ಣ ಸಭೆ. ಮೂವತ್ತು ಮನೆಯ ಕ್ರೈಸ್ತರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರಿಗೂ ಒಂದೊಂದು ತುಂಡು ರೊಟ್ಟಿ. ಅಂದಿನ ರೊಟ್ಟಿ ಮಾಮನದೇ. ಶನಿವಾರ ಸ್ನಾನ ಮಾಡಿ, ಒಗೆದ ಟವೆಲ್ ಹೆಗಲಿಗೆ ಹಾಕಿಕೊಂಡು ಆ ಒಂದು ರೊಟ್ಟಿಗೆ ಬೇರೆಯೇ ಹಿಟ್ಟು ಕಲಸುತ್ತಿದ್ದರು. ಮೇಲೆ ಚಾಕುವಿನಿಂದ ಶಿಲುಬೆ ಗೀರುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಪಾದ್ರಿ ಅಯ್ಯನವರು ಅದನ್ನು ಮುರಿದಾಗ ಆ ಹುಳಿ ವಾಸನೆ ಮುಂದಿನ ಬೆಂಚಿನವರೆಗೂ ಬರುತ್ತಿತ್ತು. ಅದು ಹೆಂಡದ್ದು ಎಂದು ನನಗೆ ಬಿಟ್ಟು ಬೇರೆ ಯಾರಿಗೂ ಹೊಳೆದಿರಲಿಲ್ಲ. ದೇವರ ರೊಟ್ಟಿಯ ವಾಸನೆ ಎಂದೇ ತಿಳಿದಿದ್ದರು.

ಇನ್ನು ನಮ್ಮ ಮಗ್ಗದ ಯಜಮಾನರು. ಅವರು ಸಭೆಯ ಹಿರಿಯರೂ ಹೌದು. ಭಾನುವಾರ ಬೈಬಲಿನಿಂದ ವೇದಪಾಠ ಓದುವವರು ಅವರೇ. ಗಂಟಲು ಚೆನ್ನಾಗಿತ್ತು. ಅವರ ಮನೆ ಮಗ್ಗಕ್ಕೆ ಅಂಟಿಕೊಂಡೇ ಇತ್ತು. ಎಂಟು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಕರೆಂಟ್ ಹೋದಾಗ ಎಲ್ಲವೂ ಒಮ್ಮೆಲೇ ನಿಲ್ಲುತ್ತಿತ್ತು. ಆಗ ಗೋಡೆಯ ಆಚೆಯಿಂದ ಏಟಿನ ಶಬ್ದ ಕೇಳುತ್ತಿತ್ತು. ಯಜಮಾನರ ಹೆಂಡತಿ, ಅಮ್ಮಾವ್ರ ದನಿಯೂ ಕೇಳುತ್ತಿತ್ತು. ಮಗ್ಗ ನಿಂತಿದೆ ಎಂದು ಯಜಮಾನರಿಗೆ ಗೊತ್ತಾಗುತ್ತಿದ್ದ ಹಾಗೆ ಅಲ್ಲೂ ನಿಲ್ಲುತ್ತಿತ್ತು. ನಾವು ಎಂಟು ಜನ ತಲೆ ತಗ್ಗಿಸಿ ಎಳೆ ಸರಿ ಮಾಡುತ್ತಿದ್ದೆವು.

ಒಮ್ಮೆ ನಾನೇ ಅಯ್ಯನವರ ಹತ್ತಿರ ಹೇಳಿದೆ.

"ಅದು ಮನೆ ವಿಷಯ ಕಣಪ್ಪ," ಅಂದರು. "ಗಂಡ ಹೆಂಡತಿ ಮಧ್ಯೆ ನಾವು ಬರಬಾರ್ದು. ಪ್ರಾರ್ಥನೆ ಮಾಡೋಣ."

ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಕೆಲವು ದಿನ ಬೆಳಿಗ್ಗೆ ಅಮ್ಮಾವ್ರು ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡು ಬನ್ ತೆಗೆದುಕೊಳ್ಳಲು ಬರುತ್ತಿದ್ದರು. ಮಾಮ ಏನೂ ಕೇಳುತ್ತಿರಲಿಲ್ಲ. ಒಂದು ಹಿಡಿ ಬೂಸವನ್ನು ಒಲೆಯ ತಗಡಿನ ಮೇಲೆ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬನ್ನಿನ ಜೊತೆ ಅದೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಊದಿದ ಕಡೆ ಕಾವು ಕೊಡಲು. ಒಂದು ದಿನ ನಾನು ಅಲ್ಲೇ ಇದ್ದೆ. "ಬಿಸಿ ಇದೆ, ನಿಧಾನ ತಾಯಿ," ಅಂದರು. ಅಷ್ಟೇ.

ಆ ವರ್ಷ ಅಯ್ಯನವರು ಭಾನುವಾರದ ಉಪದೇಶದಲ್ಲಿ ಹೆಂಡದ ವಿರುದ್ಧ ಪ್ರಸಂಗ ಶುರು ಮಾಡಿದರು. ಪಾನನಿರೋಧ ಸಡಿಲವಾಗಿ ಅಂಗಡಿಗಳು ಬಾಗಿಲು ತೆಗೆದಿದ್ದವು. ಸಭೆಯ ಗಂಡಸರು ಅತ್ತ ಹೋಗುತ್ತಿದ್ದದ್ದು ನಿಜ. ನಾನೂ ಹೋಗುತ್ತಿದ್ದೆ. ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದವನಿಗೆ ಹಿಂದಿನ ಬೆಂಚು ಎಂದು ಸಭೆಯ ಕಮಿಟಿ ತೀರ್ಮಾನ ಮಾಡಿತು. ನಮ್ಮಲ್ಲಿ ಹಿಂದಿನ ಬೆಂಚು ಎಂದರೆ ಶಿಕ್ಷೆ. ಅಲ್ಲಿ ಕೂತವನಿಗೆ ಕರ್ತನ ಭೋಜನ ಇಲ್ಲ. ಅವನ ಮನೆಯಲ್ಲಿ ಮದುವೆ ಇದ್ದರೆ ಮೂರು ಭಾನುವಾರ ಸಭೆಯಲ್ಲಿ ಓದಬೇಕಾದ ಪ್ರಕಟಣೆಯೂ ಇಲ್ಲ, ಅದಿಲ್ಲದೆ ಚರ್ಚಿನಲ್ಲಿ ಮದುವೆಯೂ ಇಲ್ಲ. ಎದ್ದು ನಿಂತು ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡ ಮೇಲೆಯೇ ಮುಂದಿನ ಬೆಂಚು.

ಒಂದು ಮಧ್ಯಾಹ್ನ ಯಜಮಾನರು ನನ್ನ ಮಗ್ಗದ ಹತ್ತಿರ ಬಂದು ಕೈ ಸನ್ನೆ ಮಾಡಿ ಮಗ್ಗ ನಿಲ್ಲಿಸಿದರು.

"ಲೇ, ನಿಮ್ಮನೆ ಹೆಂಡದಂಗಡಿ ದಾರೀಲೇ ಅಲ್ವಾ? ರೊಟ್ಟಿಯೋನು ಅಲ್ಲಿಗೆ ಹೋಗ್ತಾನಂತೆ. ನೀನು ಕಂಡಿದ್ಯಾ?"

"ಕಂಡಿದೀನಿ ಯಜಮಾನ್ರೇ."

"ಕೈಯಲ್ಲಿ ಚೊಂಬಿತ್ತಾ?"

"ಇತ್ತು."

ಅಷ್ಟೇ ಹೇಳಿದೆ. ಅಲ್ಲಿ ಕುಡಿಯುವುದಿಲ್ಲ, ಹಿಟ್ಟಿಗೆ ತುಂಬಿಸಿಕೊಂಡು ಹೋಗುತ್ತಾರೆ ಎಂದು ಹೇಳಲಿಲ್ಲ. ಹೇಳಿದ್ದರೆ ಅಂಗಡಿಯ ಒಳಗಿನದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಹಿಂದಿನ ದಿನ ಸಂಜೆಯೇ ನಾನು ಅಲ್ಲಿ ಮಡಕೆ ಮುಂದೆ ಇಟ್ಟುಕೊಂಡು ಕೂತಿದ್ದೆ. ಮಾಮ ಬಂದು, ಚೊಂಬು ತುಂಬಿಸಿಕೊಂಡು, ನನ್ನನ್ನು ನೋಡಿ, ನೋಡದವರ ಹಾಗೆ ಹೋಗಿದ್ದರು. ಯಜಮಾನರು ತಲೆಯಾಡಿಸಿದರು. ನಾನು ಮಗ್ಗ ಓಡಿಸಿದೆ.

ಕಮಿಟಿ ಮಾಮನನ್ನು ಕರೆಸಿತು. ಹೋಗಿದ್ದೆಯಾ ಎಂದು ಕೇಳಿದರಂತೆ. ಹೋಗಿದ್ದೆ ಅಂದರಂತೆ. ಮೂರು ತಿಂಗಳು ಹಿಂದಿನ ಬೆಂಚು. ಹೊಸಕೋಟೆಯ ಹುಡುಗನ ಜೊತೆ ಮಗಳ ಮದುವೆ ಗೊತ್ತಾಗಿತ್ತು, ಅದರ ಪ್ರಕಟಣೆ ಆ ಭಾನುವಾರವೇ ಶುರುವಾಗಬೇಕಿತ್ತು. ಅದೂ ನಿಂತಿತು. ಆದರೆ ರೊಟ್ಟಿಯನ್ನು ಯಾರೂ ನಿಲ್ಲಿಸಲಿಲ್ಲ. "ಶಿಕ್ಷೆ ನಿಂಗೆ, ರೊಟ್ಟಿಗಲ್ಲವಲ್ಲ. ಕಳಿಸ್ತಾ ಇರು," ಎಂದು ಯಜಮಾನರೇ ಹೇಳಿದರು. ಮೂರು ತಿಂಗಳೂ ಮಾಮ ರೊಟ್ಟಿ ಕಳಿಸಿದರು. ನಾವೆಲ್ಲ ತಿಂದೆವು. ಅವರು ಹಿಂದೆ ಕೂತು ನೋಡಿದರು.

ನಾನು ಅವರ ಅಂಗಡಿಗೆ ಹೋಗಿ ಕೇಳಿದೆ. "ಹಿಟ್ಟಿಗೆ ಅಂತ ಹೇಳ್ಬಿಡೋದಲ್ವಾ ಮಾಮ? ಮಗಳ ಮದ್ವೆ ನಿಂತಿದೆ."

ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಈ ಮುದುಕಿಯರೆಲ್ಲ ಇಷ್ಟು ವರ್ಷ ತಿಂದಿದ್ದನ್ನ ನೆನೆಸ್ಕೊಂಡು ನಿದ್ದೆ ಬಿಡ್ತಾರೆ ಕಣೋ. ಸಾಯೋವಾಗ ಎಷ್ಟು ಜನದ ಬಾಯಿಗೆ ಅಯ್ಯನೋರು ಈ ರೊಟ್ಟೀನೇ ಇಟ್ಟಿದಾರೆ. ನನ್ ಹೆಂಡ್ತಿ ಬಾಯಿಗೂ ಇಟ್ರು. ಅವರನ್ನೆಲ್ಲ ಈಗ ಎಬ್ಬಿಸಿ ಇದು ಹೆಂಡ ಅಂತ ಹೇಳ್ಲಾ? ಮೂರು ತಿಂಗಳು ತಾನೆ. ಕೂತ್ಕೋತೀನಿ. ಆಮೇಲೆ ಮದ್ವೆ."

ಯಜಮಾನರಿಗೆ ಹೇಳಿದವನು ನಾನೇ ಎಂದು ಆಗಲೇ ಹೇಳಬೇಕಾಗಿತ್ತು... ಹೇಳಲಿಲ್ಲ. ಒಂದು ಬನ್ ತೆಗೆದುಕೊಂಡು ಬಂದೆ.

ಮೂರು ತಿಂಗಳು ಮುಗಿಯಲು ಒಂದು ವಾರ ಇರುವಾಗ ಅಯ್ಯನವರು ಮಾಮನ ಕೈಯನ್ನು ಬೈಬಲ್ ಮೇಲೆ ಇಡಿಸಿ, ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡರು. ಮಾಮ ಮಾತು ಕೊಟ್ಟರೆ ಮುಗಿಯಿತು. ಆ ವಾರ ಸಂಜೆ ಚೊಂಬು ಹೊರಗೆ ಬರಲಿಲ್ಲ. ಅಂಗಡಿಯಲ್ಲಿ ಬನ್ ಇಲ್ಲ. ಗೋಡೆಗೆ ಬೆನ್ನು ಕೊಟ್ಟರೆ ತಣ್ಣಗಿತ್ತು. ಶನಿವಾರ ಮಾತ್ರ ಒಲೆ ಹಚ್ಚಿದರು, ಸಭೆಯ ರೊಟ್ಟಿಗೆ.

ಭಾನುವಾರ ಮಾಮ ಎದ್ದು ನಿಂತು, "ತಪ್ಪಾಯ್ತು. ಹೆಂಡದಂಗಡಿಗೆ ಇನ್ನು ಕಾಲಿಡಲ್ಲ," ಅಂದರು. ಅಯ್ಯನವರು ಕೈ ಹಿಡಿದು ಮುಂದಿನ ಬೆಂಚಿಗೆ ಕರೆತಂದರು. ಮಗಳು ಹೊಸ ಸೀರೆ ಉಟ್ಟು ಹೆಂಗಸರ ಕಡೆ ಚಾಪೆಯ ಮೇಲೆ ಕೂತಿದ್ದಳು. ಭೋಜನ ಆದ ಮೇಲೆ ಅವಳ ಮದುವೆಯ ಮೊದಲ ಪ್ರಕಟಣೆ.

ಅಯ್ಯನವರು ರೊಟ್ಟಿ ಎತ್ತಿ ಮುರಿಯಲು ಹೋದರು. ಮುರಿಯಲಿಲ್ಲ. ಮತ್ತೆ ಒತ್ತಿದರು. ಕಲ್ಲು. ಮೂರನೆಯ ಸಲ ಜಾರಿ ಕೆಳಗೆ ಬಿತ್ತು. ಬಿದ್ದ ಸದ್ದಿಗೆ ಮಕ್ಕಳು ನಕ್ಕರು.

ಯಜಮಾನರು ಎದ್ದರು. "ಏನಯ್ಯಾ ಇದು? ಬೆಂಚಿಗೆ ಹಾಕಿದ್ವಿ ಅಂತ ಹಗೆ ತೀರಿಸ್ಕೊತಿದ್ಯಾ? ಕರ್ತನ ಮೇಜಿನ ಮೇಲೆ?"

ಮಾಮ ಬೆಂಚಿನಿಂದ ಎದ್ದು ನಿಂತರು.

"ಬಾಯಿ ಬಿಡು. ಬೇಕಂತ ಮಾಡಿದ್ದು ತಾನೆ?"

ಮಾಮ ಮಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಅಯ್ಯನವರ ಕಡೆ ತಿರುಗಿದರು.

"ಹಗೆ ಇಲ್ಲ ಅಯ್ಯನೋರೆ. ಹೆಂಡ ಮುಟ್ಟಲ್ಲ ಅಂತ ನಿಮ್ಮ ಮುಂದೇನೇ ಮಾತು ಕೊಟ್ಟೆ. ನಾನು ಒಂದಿನಾನೂ ಕುಡಿದೋನಲ್ಲ. ರೊಟ್ಟಿ ಕುಡೀತಿತ್ತು. ಈಗ ಅದೂ ಬಿಟ್ಟಿದೆ."

ಅಯ್ಯನವರು ನೆಲದಿಂದ ರೊಟ್ಟಿ ಎತ್ತಿಕೊಂಡರು.

"ಎಷ್ಟು ವರ್ಷದಿಂದ?"

"ನಾನು ಒಲೆ ಹಚ್ಚಿದಾಗಿಂದ."

ಅಯ್ಯನವರು ಚಾಕು ತರಿಸಿ ರೊಟ್ಟಿ ಕೊಯ್ದು ಹಂಚಿದರು. ಬೇರೆ ಏನು ಮಾಡಬೇಕೋ ಅವರಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ. ಎಲ್ಲರೂ ಕಟಕಟ ಅಗಿದರು. ಅಮ್ಮಾವ್ರಿಗೆ ಅಗಿಯಲು ಆಗಲಿಲ್ಲ. ಅವರ ದವಡೆ ಒಂದು ಕಡೆ ಊದಿ ನೀಲಿಯಾಗಿತ್ತು. ತುಂಡನ್ನು ಬಾಯಿಂದ ತೆಗೆದು ಸೆರಗಿನಲ್ಲಿ ಮುಚ್ಚಿ ಹಿಡಿದು ಕೂತರು. ಅಯ್ಯನವರು ನೋಡಿದರು. ಕಮಿಟಿಯವರು ನೋಡಿದರು. ನಾವೆಲ್ಲ ನೋಡಿದೆವು. ಅದಕ್ಕೆ ಯಾವ ಬೆಂಚೂ ಇರಲಿಲ್ಲ.

ಅಂದು ಪ್ರಕಟಣೆ ಓದಲಿಲ್ಲ. ಮಂಗಳವಾರ ಕಮಿಟಿ ಸೇರಿತು. ಕುಡಿದದ್ದಾದರೆ ಕ್ಷಮಿಸಬಹುದಿತ್ತು, ದೇವರ ರೊಟ್ಟಿಯಲ್ಲಿ ಹೆಂಡ ಹಾಕಿ ಸಭೆಗೆ ಮೋಸ ಮಾಡಿದ್ದು ದೊಡ್ಡ ಪಾಪ, ಇನ್ನೂ ಆರು ತಿಂಗಳು ಹಿಂದಿನ ಬೆಂಚು ಎಂದು ಯಜಮಾನರು ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ಮುಂದಿನ ಭಾನುವಾರ ಯಜಮಾನರೇ ವೇದಪಾಠ ಓದಿದರು. ಗಂಟಲು ಚೆನ್ನಾಗಿಯೇ ಇತ್ತು.

ಮಾಮ ಆ ಬೆಂಚಿಗೆ ಮತ್ತೆ ಬರಲಿಲ್ಲ. ಒಲೆಯ ಬಾಯಿಗೆ ತಗಡು ಮುಚ್ಚಿ, ಪಾತ್ರೆಗಳನ್ನು ಗಾಡಿಗೆ ಹೇರಿ, ಮಗಳ ಜೊತೆ ಹೊಸಕೋಟೆಗೆ ಹೋದರು. ಹುಡುಗ ಒಳ್ಳೆಯವನು. ರಿಜಿಸ್ಟರ್ ಮದುವೆ ಆಯಿತಂತೆ. ಚರ್ಚಿನಲ್ಲಿ ಮಗಳ ಕೈ ಹಿಡಿದು ನಡೆಸಿಕೊಂಡು ಹೋಗಬೇಕು ಎಂದು ಆಸೆ ಇತ್ತು ಅವರಿಗೆ. ಅದು ಆಗಲಿಲ್ಲ. ಇಲ್ಲಿ ಅಮ್ಮಾವ್ರಿಗೆ ಬೂಸದ ಗಂಟು ಕೊಡುವವರು ಇಲ್ಲವಾದರು. ಆ ತಿಂಗಳೇ ನಾನು ಆ ಮಗ್ಗ ಬಿಟ್ಟೆ. ಬಿಟ್ಟದ್ದು ದೊಡ್ಡ ಕೆಲಸವೇನಲ್ಲ. ಬೇರೆ ಮಗ್ಗ ಸಿಕ್ಕಿತು. ಅಲ್ಲಿ ಹಿಂದಿನ ಗೋಡೆ ತಣ್ಣಗಿತ್ತು, ಅಷ್ಟೇ.

ಮೊನ್ನೆ ಆ ಬನ್ ತಿನ್ನದೆ ಜೇಬಿಗೆ ಹಾಕಿಕೊಂಡು ಹೊಸಕೋಟೆಗೆ ಹೋಗಿಬಿಟ್ಟೆ. ಕೇಳಿಕೊಂಡು ಹೋದರೆ ಮನೆ ಸಿಕ್ಕಿತು. ಮಾಮ ತೀರಿಕೊಂಡು ಎರಡು ವರ್ಷವಾಗಿದೆ. ನನಗೆ ಯಾರೂ ಹೇಳಿರಲಿಲ್ಲ. ಹಿತ್ತಾಳೆ ಚೊಂಬಿನಲ್ಲಿ ಮಗಳು ಕುಡಿಯುವ ನೀರು ಕೊಟ್ಟಳು. ಅದೇ ಚೊಂಬು. ನೀರು ಕುಡಿದು ಹೇಳಿಬಿಟ್ಟೆ.

"ಅಕ್ಕಾ, ಮಾಮನ್ನ ಹೆಂಡದಂಗಡೀಲಿ ಕಂಡೆ ಅಂತ ಹೇಳ್ದೋನು ನಾನೇ."

"ಗೊತ್ತು," ಅಂದಳು. "ಅಪ್ಪಂಗೂ ಗೊತ್ತಿತ್ತು."

"ನಾನೂ ಅಲ್ಲೇ ಕುಡೀತಾ ಕೂತಿದ್ದೆ ಅಕ್ಕಾ."

"ಅದೂ ಗೊತ್ತು. ಅವತ್ತು ಕಮಿಟಿಯೋರು ಕೇಳಿದ್ರಂತೆ, ಅಲ್ಲಿ ನಮ್ಮ ಸಭೆಯೋರು ಇನ್ಯಾರಿದ್ರು ಹೇಳು, ನಿನ್ನ ಶಿಕ್ಷೆ ಕಮ್ಮಿ ಮಾಡ್ತೀವಿ ಅಂತ. ಯಾರನ್ನೂ ಕಾಣ್ಲಿಲ್ಲ ಅಂದ್ರಂತೆ ಅಪ್ಪ."

ಚೊಂಬನ್ನು ಕೆಳಗಿಟ್ಟು ಬಂದೆ. ಬನ್ ಇನ್ನೂ ಜೇಬಿನಲ್ಲೇ ಇತ್ತು. ಇಷ್ಟೇ. ಇದಕ್ಕಿಂತ ಹೆಚ್ಚು ನನ್ನ ಹತ್ತಿರ ಇಲ್ಲ.