ಟೀಚರ್ ಪಾಲಿಗೆ ಬಂದ ನೀರು

ಹೊಸನಗರದ ನಮ್ಮ ಹೈಸ್ಕೂಲಿನ ಮೆಟ್ಟಿಲ ನಡುವೆ ನಿಂತು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಗಣಿತದ ಟೀಚರ್ ಉಸಿರು ತಂದುಕೊಳ್ಳುತ್ತಿದ್ದರು. ಆ ಉಸಿರಿನ ಸಿಳ್ಳೆ ಕೇಳಿದರೆ ಸಾಕು, ನಮ್ಮ ಗಲಾಟೆ ನಿಲ್ಲುತ್ತಿತ್ತು. ತುಂಬಾ ಭಾರದ ಮೈ. ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಊಟದ ಡಬ್ಬಿ ತೆರೆಯುತ್ತಿದ್ದರು. ಮುಂದೆ ನಾನೂ ಅದೇ ಶಾಲೆಗೆ ಟೀಚರಾಗಿ ಬಂದಾಗ ಯಾಕೆಂದು ಕೇಳಿದೆ. ನನ್ನದೂ ಅವರಂಥದೇ ಮೈ; ಕೇಳುವ ಸಲುಗೆ ಇತ್ತು.

"ನಾನು ತಿಂದಿದ್ದನ್ನ ಊರೆಲ್ಲ ನೋಡ್ತದೆ ಮಾರಾಯ್ತಿ. ಬಿಟ್ಟಿದ್ದನ್ನ ಯಾರೂ ನೋಡಲ್ಲ."

ತಿನ್ನುವುದರಲ್ಲಿ ಅವರು ಬಿಡದೇ ಇದ್ದದ್ದೇ ಕಡಿಮೆ. ಒಂದಷ್ಟು ಇಳಿದ ತೂಕ ಮತ್ತೆ ಏರಿ ಕೂರುತ್ತಿತ್ತು. ಕಿವಿನೋವೆಂದು ಸಾಗರಕ್ಕೆ ಹೋದರೆ ಡಾಕ್ಟರು ಕಿವಿ ನೋಡುವ ಮೊದಲೇ "ಬಾಯಿ ಕಟ್ಟಿ" ಎಂದಿದ್ದರಂತೆ.

ಘಾಟಿ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಬೊಜ್ಜಿಗೆ ಹೊಸ ಔಷಧಿ ಪರೀಕ್ಷಿಸುತ್ತಿದ್ದಾರೆಂದು ತಿಳಿದಾಗ ಅವರೇ ಹೋಗಿ ಸೇರಿದರು. ಇದು ಕಾಯಿಲೆ, ನಿಮ್ಮ ತಪ್ಪಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರೆಂದು ನನ್ನೆದುರು ಅತ್ತುಬಿಟ್ಟರು. ವಾರಕ್ಕೊಮ್ಮೆ ಹೊಟ್ಟೆಗೆ ಇಂಜೆಕ್ಷನ್. ಕೆಲವರಿಗೆ ಔಷಧಿ, ಕೆಲವರಿಗೆ ಬರೀ ನೀರು. ಯಾರಿಗೆ ಯಾವುದೆಂದು ಕೊನೆಯವರೆಗೆ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಟೀಚರ ತೂಕ ಇಳಿಯಲಿಲ್ಲ. ಪರೀಕ್ಷೆಗೆ ಜೊತೆಗೆ ಸೇರಿದ್ದ ಮೇಳಿಗೆ ಊರಿನವರೊಬ್ಬರು ಸಡಿಲಾದ ಪ್ಯಾಂಟು ಬಿಗಿ ಮಾಡಿಸಿಕೊಳ್ಳುತ್ತಿದ್ದರು. ನಾವೆಲ್ಲ ಸಿಗಂದೂರು ದೇವಸ್ಥಾನಕ್ಕೆ ಹೋದಾಗ ಊಟದ ಪಂಕ್ತಿಯಲ್ಲೇ ಟೀಚರ ನಾದಿನಿ ಬಡಿಸುವವನಿಗೆ ಕೂಗಿ ಹೇಳಿದಳು: "ಇವ್ರಿಗೆ ಪಾಯಸ ಬೇಡ. ಇಂಜೆಕ್ಷನ್ ತಗೊಂಡೂ ಇಳೀಲಿಲ್ಲ, ಕದ್ದು ತಿಂತಾರೋ ಏನೋ." ಟೀಚರ್ ಎಲೆ ಬಿಟ್ಟು ಎದ್ದರು.

ನನಗೆ ತಡೆಯಲಾಗಲಿಲ್ಲ. "ನಿಮಗೆ ಕೊಡ್ತಿರೋದು ನೀರೇ ಟೀಚರ್. ಬಿಟ್ಟುಬಿಡಿ."

"ನಂಗೂ ಹಂಗೇ ಅನ್ಸಿದೆ," ಎಂದರು. "ಆದ್ರೆ ನೀರು ತಗೊಂಡೋರೆಲ್ಲ ಎದ್ದು ಹೋದ್ರೆ ಔಷಧಿ ಕೆಲಸ ಮಾಡ್ತು ಅಂತ ಹೆಂಗೆ ಹೇಳ್ತಾರೆ? ಲೆಕ್ಕ ಅರ್ಧಕ್ಕೆ ಬಿಡಬಾರ್ದು."

ಬಿಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: ನೀರೇ. ಔಷಧಿ ಚೆನ್ನಾಗಿ ಕೆಲಸ ಮಾಡಿದೆ, ಇನ್ನು ನಿಮಗೂ ಕೊಡಿಸುತ್ತೇವೆ, ಮೇಲಿನಿಂದ ಅನುಮತಿ ಬರಬೇಕು ಎಂದರು. ಟೀಚರ್ ಮೊದಲು ನಕ್ಕರು. "ಹಂಗಾದ್ರೆ ನಾನು ಕದ್ದು ತಿಂದಿಲ್ಲ ಅಂತ ಆ ನಾದಿನಿಗೆ ಯಾರಾದ್ರೂ ಹೇಳಿ." ಆಮೇಲೆ ಕಾದರು. ನಾನು ಆಸ್ಪತ್ರೆಗೆ ಫೋನು ಮಾಡಿದಾಗಲೆಲ್ಲ ಒಂದೇ ಮಾತು, "ಇನ್ನೂ ಬಂದಿಲ್ಲ ಮೇಡಂ." ಟೀಚರ ಕಾಲು ಬಾತು, ಮಲಗಿದರೆ ಉಸಿರು ಕಟ್ಟತೊಡಗಿತು. ಮಳೆಗಾಲ ಮುಗಿಯುವ ಮೊದಲೇ ಹೃದಯ ಸೋತು ಹೋದರು.

ಹೆಣದ ಮುಂದೆ ಯಾರೋ ಅಂದರು: "ಬಾಯಿ ಕಟ್ಟಿದ್ರೆ ಇನ್ನೂ ಇರ್ತಿದ್ರು." ನಾನು ಅಲ್ಲೇ ಜಗಳವಾಡಿದೆ. ಸಾವಿನ ಮನೆಯೆಂದೂ ನೋಡಲಿಲ್ಲ.

ಅದೇ ಔಷಧಿ ಈಗ ಪೇಟೆಗೆ ಬಂದಿದೆ. ಡಾಕ್ಟರು ಬರೆದುಕೊಟ್ಟು ನಾನು ತೆಗೆದುಕೊಳ್ಳುತ್ತಿದ್ದೇನೆ, ಇಳಿದಿದ್ದೇನೆ. "ಒಳ್ಳೆ ಮನಸ್ಸು ಗಟ್ಟಿ ಮಾಡಿದ್ರಿ" ಎಂದು ಹೊಗಳುವವರನ್ನು ಸುಮ್ಮನೆ ಬಿಡುವುದಿಲ್ಲ. ಮನಸ್ಸಲ್ಲ, ಔಷಧಿ ಎನ್ನುತ್ತೇನೆ. ಮನಸ್ಸು ಗಟ್ಟಿ ಮಾಡಿದವರು ನಮ್ಮ ಟೀಚರ್. ಅವರಿಗೆ ಸಿಕ್ಕಿದ್ದು ನೀರು.